ಅಮೀಬಾಕ್ಕ "ನಿಲ್ಲು", "ಎರಡಾಗು" ಅಂತ ಒಳಗ ಹೇಳೋರು ಯಾರು?

ಪ್ರಶ್ನೆ ಕೇಳಿದವರು: ಕೆರಿದಂಡಿ ಮಾಸ್ತರ, ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದ ಮಗ್ಗಲ ಊರಿನ ಸರ್ಕಾರಿ ಹೈಸ್ಕೂಲಿನ್ಯಾಗ ವಿಜ್ಞಾನ ಹೇಳತೀನಿ. ಸಂತಾನೋತ್ಪತ್ತಿ ಪಾಠ ಬರೇ ಚಿತ್ರ ತೋರಿಸಿ ಮುಗಸೂದು ಬ್ಯಾಡ ಅಂತ, ಕೆಲಗೇರಿ ಕೆರಿ ದಂಡಿಗೆ ಎಲಿ ಕೊಳತು ಬಿದ್ದಲ್ಲಿಂದ ನೀರು, ರಾಡಿ ತಂದು ಅಗಲ ಬಾಯಿ ಬಾಟ್ಲಿಗೆ ಹಾಕಿ, ಕುದಿಸಿದ ಗೋದಿಕಾಳ ಬಿಟ್ಟು ಕಿಡಕಿ ನೆಳ್ಳಿಗೆ ಇಟ್ಟಿದ್ವಿ. ವಾರ ದಾಟಿದ ಮ್ಯಾಲ ತಳದ ಹನಿ ತಗದು ನೋಡಿದ್ರ, ಪ್ಯಾರಾಮೀಸಿಯಂ ಗದ್ದಲದಾಗ ಒಂದೆರಡು ಅಮೀಬಾ ಸಿಕ್ಕವು. ಹುಡುಗ್ರ ಖುಷಿ ಕೇಳಬ್ಯಾಡ್ರಿ.

ನಾ ಆ ಕಡೆ ಹೊಳ್ಳೂದ್ರಾಗ ಒಬ್ಬಾವ ಊಟದ ಡಬ್ಬಿಯಿಂದ ಚಿಟಿಕಿ ಉಪ್ಪು ಹನಿಗೆ ಹಾಕಿಬಿಟ್ಟ. ಹರಿಯೂದು ನಿಂತು ಅಮೀಬಾ ಗುಂಡಗಾತು. ಹಿಂದಿನ ಬೆಂಚಿನ ಹುಡುಗಿಯೊಬ್ಬಾಕಿ ಕೇಳಿದ್ಲು: "ಸರ್, ಅದಕ್ಕ ತಲಿ ಇಲ್ಲ, ನರ ಇಲ್ಲ. ನಿಲ್ಲು ಅಂತ ಅದರೊಳಗ ಯಾರು ಯಾರಿಗೆ ಹೇಳಿದ್ರು? ಮತ್ತ ಒಡದು ಎರಡಾಗು ಅಂತ ಹೇಳೋರೂ ಅವರೇನೋ, ಬ್ಯಾರೆಯವರೋ?"

ಪುಸ್ತಕದಾಗ "ಮಿಥ್ಯಾಪಾದಗಳಿಂದ ಚಲಿಸುತ್ತದೆ, ದ್ವಿವಿದಳನದಿಂದ ವೃದ್ಧಿಯಾಗುತ್ತದೆ" ಅಂತ ಐತಿ, ಅಂದ್ರ ಮೈ ಚಾಚಿ ಮಾಡ್ಕೊಂಡ ಸುಳ್ಳು ಕಾಲಿನಿಂದ ಹರೀತೈತಿ, ಒಡದು ಎರಡಾಗತೈತಿ; ಮುಂದ ಮಾತಿಲ್ಲ. ಸೋಮವಾರ ಆಕಿಗೆ ಏನರ ಉತ್ತರ ಹೇಳಬೇಕ್ರಿ. ಇನ್ನೊಂದು, ನಾವು ನೋಡಿದ ಹೊತ್ತಿನ್ಯಾಗ ಒಂದೂ ಎರಡಾಗಲಿಲ್ಲ. ಏನರ ಹಾಕಿ ಒಡಸಾಕ ಬರತೈತೇನ್ರಿ? ಒಬ್ಬಾವ "ಅವ್ವ ತಗೊಳ್ಳೂ ಅಮೀಬಾ ಗುಳಗಿ ತರಲೇನ್ರಿ" ಅಂದ. ಬ್ಯಾಡ ಅಂದೀನಿ.


ಉತ್ತರ: ಸ್ಲೈಡ್ ಮಂದಿ, ಹುಬ್ಬಳ್ಳಿ

ಮಾಸ್ತರ, ಗುಳಗಿ ಹಾಕಬ್ಯಾಡ್ರಿ, ಹಾಕಿದ್ರೂ ಹೇಳುವಂಥಾದ್ದು ಆಗೂದಿಲ್ಲ. ನಾ ಹುಬ್ಬಳ್ಳಿಯೊಳಗ ಪೆಥಾಲಜಿ ಲ್ಯಾಬಿನ್ಯಾಗ ಇರಾಂವ. ನಮಗ ಅಮೀಬಾ ಅಂದ್ರ ಆಮಶಂಕಿ ಮಾಡೂ ಎಂಟಮೀಬಾ ಹಿಸ್ಟೊಲಿಟಿಕಾ. ಆ ಗುಳಗಿ ಮೆಟ್ರೊನಿಡಜೋಲ್. ಆಕ್ಸಿಜನ್ ಇಲ್ಲದ ಕಡೆ ಬದುಕೂ ಜೀವಿಯೊಳಗ ಹೋದಾಗಷ್ಟ ಅದು ಚುರುಕಾಗಿ ಡಿಎನ್ಎ ಕೆಡಸತೈತಿ. ಕರಳಿನ ಅಮೀಬಾ ಆ ಜಾತಿದು. ಕೆರಿ ಅಮೀಬಾ ಆಕ್ಸಿಜನ್ ಕುಡಿಯೂ ಜಾತಿದು.

ಇನ್ನೊಂದ ಮಾತು. ಕೆರಿ ನೀರಿನ್ಯಾಗ ಅಕಾಂಥಮೀಬಾನೂ ಇರತಾವು. ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಳ್ಳೋರ ಕಣ್ಣಿಗೆ ಭಾಳ ಕೆಟ್ಟ. ಹುಡುಗ್ರಿಗೆ ಸಾಬಾಣ ಹಚ್ಚಿ ಕೈ ತೊಳಿಸ್ರಿ, ಮೂಗು ಕಣ್ಣಿಗೆ ಆ ನೀರು ತಾಗಿಸಬ್ಯಾಡ್ರಿ. ಹರಿಯೂದು ಒಡಿಯೂದು ನಮ್ಮ ಸಪ್ತಾಪುರ ಸರ್ ಹೇಳ್ತಾರ, ಅವರು ಈ ಕಡೆ ಬಂದ ಬರತಾರ.


ಉತ್ತರ: ಸಪ್ತಾಪುರ ಹಳೇ ಸರ್, ಧಾರವಾಡ

ಬಂದೆ. ಮಾಸ್ತರ್ರ, ಮೊದಲ ಆ ಹುಡುಗಿಗೆ ನನ್ನ ಕಡಿಂದ ಶಾಬಾಸ್ ಹೇಳ್ರಿ. ನಾನು ಡಿಗ್ರಿ ಹುಡುಗರಿಗೆ ಪ್ರಾಣಿಶಾಸ್ತ್ರ ಹೇಳಿ ರಿಟೈರ್ ಆದಾವ. ಐದು ಮಾರ್ಕ್ಸಿನ ಸಲುವಾಗಿ ಅಮೀಬಾ ಚಿತ್ರ ತಗಿಸಿ ತಗಿಸಿ, ಅದು ಹರಿಯೂ ವಸ್ತು ಅನ್ನೂದ ಮರಸಿಬಿಟ್ಟೇವಿ. ಇಷ್ಟು ವರ್ಷದಾಗ ಒಬ್ಬ ವಿದ್ಯಾರ್ಥಿನೂ ನನಗ ಆಕಿ ಕೇಳಿದ್ದು ಕೇಳಲಿಲ್ಲ.

ಹರಿಯೂದು ಮೊದಲ ನೋಡೂಣು. ಅಮೀಬಾದೊಳಗ ಹೊರಗಿನ ಪದರು ಗಟ್ಟಿ, ನಡುವಿಂದು ತೆಳು. ತೆಳು ದ್ರವ್ಯ ನಡುವ ಹರಕೋತ ಮುಂದಿನ ತುದಿಗೆ ಬಂದ ಕೂಡಲೆ ಎರಡೂ ಬದಿಗೆ ಹೊಳ್ಳಿ ಗಟ್ಟಿ ಆಗ್ತದ. ಹಿಂದಿನ ತುದಿಯೊಳಗ ಗಟ್ಟಿ ಇದ್ದದ್ದು ತೆಳುವಾಗಿ ಮತ್ತ ನಡುವಿನ ಹರಿವಿಗೆ ಸೇರ್ತದ. ಒಂದ ವಸ್ತು, ಎರಡು ಅವಸ್ಥೆ. 1926ರಾಗ ಅಮೆರಿಕಾದ ಎಸ್. ಒ. ಮಾಸ್ಟ್ ಇದನ್ನ ಬಿಡಿಸಿ ಬರದು, ಹಿಂದಿನ ಗಟ್ಟಿ ಪದರು ಹಿಂಡೂದರಿಂದ ನಡುವಿಂದು ಮುಂದ ಹೋಗ್ತದ ಅಂದ್ರು. 1961ರ ಹೊತ್ತಿಗೆ ರಾಬರ್ಟ್ ಅಲೆನ್ ಎದ್ದು, ಇಲ್ಲ, ಸಂಕೋಚನ ಆಗೂದು ಮುಂದಿನ ತುದಿಯೊಳಗ, ಅಲ್ಲಿಂದ ಎಳೀತದ ಅಂದ್ರು. ಚಕ್ಕಡಿ ಹಿಂದಿಂದ ನೂಕ್ತಾರೋ ಮುಂದಿಂದ ಎಳೀತಾರೋ ಅನ್ನೂ ಈ ಜಗಳ ಭಾಳ ವರ್ಷ ನಡೀತು. ನನ್ನ ಅಭಿಪ್ರಾಯ ಕೇಳಿದ್ರ ಇಬ್ಬರ ಜಗಳಕ್ಕಿಂತ ಅಲೆನ್ ಅವರ ಒಂದು ಪ್ರಯೋಗ ದೊಡ್ಡದು. ಕೇಯಾಸ್ ಅನ್ನೂ ದೈತ್ಯ ಅಮೀಬಾ ಅದ, ಮಿಲಿಮೀಟರುಗಟ್ಟಲೆ ಉದ್ದ ಬೆಳೀತದ. ಅದನ್ನ ಸಣ್ಣ ನಳಿಕೆಯೊಳಗ ಎಳಕೊಂಡು ಹೊರಪೊರೆ ಒಡದ್ರೂ ಒಳಗಿನ ದ್ರವ್ಯ ಹರಿಯೂದು ನಿಲ್ಲಲಿಲ್ಲ. ಇದು 1960ರ ಮಾತು. ಅಂದ್ರ ಹರಿಯೂ ಶಕ್ತಿ ಇರೂದು ಒಳಗಿನ ದ್ರವ್ಯದೊಳಗ. ಅದಕ್ಕ ಅಖಂಡ ಜೀವಿನ ಬೇಕಂತಿಲ್ಲ.

ಆಮ್ಯಾಲ 1973ರಾಗ ಲ್ಯಾನ್ಸಿಂಗ್ ಟೇಲರ್, ಅಲೆನ್ ಮತ್ತ ಅವರ ಸಂಗಡಿಗರು ಆ ಬಿಚ್ಚಿದ ದ್ರವ್ಯಕ್ಕ ಬ್ಯಾರೆ ಬ್ಯಾರೆ ದ್ರಾವಣ ಹಾಕಿ ನೋಡಿದ್ರು. ಆಕಿ ಪ್ರಶ್ನೆಗೆ ನೇರ ಉತ್ತರ ಸಿಗೂದು ಇಲ್ಲೆ. ಕೋಶಕ್ಕ ಶಕ್ತಿ ಒದಗಿಸೂ ಎಟಿಪಿ ಅನ್ನೂ ಅಣು ತಗದ್ರ ದ್ರವ್ಯ ಬಿರುಸಾಗಿ ನಿಂತುಬಿಡ್ತದ. ಎಟಿಪಿ ಕೊಟ್ಟು ಕ್ಯಾಲ್ಸಿಯಂ ಕಮ್ಮಿ ಇಟ್ರ ಸಡಲಾಗ್ತದ. ಕ್ಯಾಲ್ಸಿಯಂ ಒಂದು ಮಟ್ಟ ದಾಟಿಸಿದ್ರ ಸಂಕೋಚನ ಆಗ್ತದ. ಸರಿಯಾಗಿ ಆ ಗಡಿಮ್ಯಾಲ ಇಟ್ರ, ಪೊರೆಯಿಲ್ಲದ ಆ ದ್ರವ್ಯದಿಂದ ಮಿಥ್ಯಾಪಾದದ ಹಂಗ ಕುಣಿಕೆ ಕುಣಿಕೆಯಾಗಿ ಹರಿವು ಹೊರಗ ಚಾಚ್ತದ! ಆ ಗಡಿ ಎಷ್ಟು ಸಣ್ಣದು ಅಂದ್ರ, ಒಂದು ಮೋಲಾರ್ ದ್ರಾವಣದ ಹತ್ತು ಲಕ್ಷದೊಳಗ ಒಂದು ಪಾಲಿನ ಆಸುಪಾಸು. ಕೆರಿ ನೀರಿನ್ಯಾಗ ಇದರ ನೂರಾರು ಪಟ್ಟು ಕ್ಯಾಲ್ಸಿಯಂ ಇರ್ತದ. ಹಿಂಗಾಗಿ ಅಮೀಬಾ ಸದಾ ಅದನ್ನ ಹೊರಗ ತಡದು ಹಿಡದಿರ್ತದ. ಪೊರೆಯ ಒಂದು ಕಡೆ ಚೂರು ಒಳಗ ಬಿಟ್ಟಿತೋ, ಆ ಜಾಗಕ್ಕಷ್ಟ ಸುದ್ದಿ ಮುಟ್ಟಿದಂಗ.

ಹಿಂಡೂದು ಯಾರು? ಆಕ್ಟಿನ್ ಮತ್ತ ಮಯೋಸಿನ್ ಅನ್ನೂ ಪ್ರೋಟೀನು, ನಮ್ಮ ತೋಳಿನ ಸ್ನಾಯುವಿನೊಳಗ ಇದ್ದವ. ಆಕ್ಟಿನ್ ಎಳಿ ಒಂದ ತುದಿಗೆ ಬೆಳೀತದ, ಇನ್ನೊಂದು ತುದಿಗೆ ಕರಗ್ತದ. ಬೆಳದ ಕಡೆ ಪೊರೆ ಮುಂದ ನೂಕಿಸಿಕೊಳ್ತದ. ಒಂದ ತಲಿಯ ಮಯೋಸಿನ್ ಮೊದಲ ಸಿಕ್ಕಿದ್ದು ಹುಬ್ಬಳ್ಳಿಯವರು ಹೆದರಿಸಿದ್ರಲ್ಲ, ಅದ ಅಕಾಂಥಮೀಬಾದಾಗ, 1973ರಾಗ, ಪೊಲಾರ್ಡ್ ಮತ್ತ ಕಾರ್ನ್ ಅವರಿಗೆ. ಆಕ್ಟಿನ್ ಎಳಿಗೆ ಟೊಂಗಿ ಒಡಸೂ ಎಆರ್‌ಪಿ 2/3 ಅನ್ನೂ ಪ್ರೋಟೀನ್ ಗುಂಪೂ 1994ರಾಗ ಅದರೊಳಗ ಸಿಕ್ತು. ಆಮ್ಯಾಲ ನೋಡಿದ್ರ ನಮ್ಮ ಬಿಳಿರಕ್ತಕಣದೊಳಗೂ ಅದ.

ಈಗ ಎರಡಾಗೂದು. ಒಂದೂ ಒಡೀಲಿಲ್ಲ ಅಂದ್ರಲ್ಲ, ಲೆಕ್ಕಾ ಹಾಕ್ರಿ. ಹೊಟ್ಟಿತುಂಬ ತಿಂದ ಅಮೀಬಾ ಪ್ರೋಟಿಯಸ್ (ಪುಸ್ತಕದಾಗ ಚಿತ್ರ ಇರೂ ಕೆರಿ ಅಮೀಬಾ) ಒಂದೆರಡು ದಿನಕ್ಕೊಮ್ಮೆ ಎರಡಾಗ್ತದ, ಆ ಕೆಲಸ ಮುಗಿಯೂದು ಅರ್ಧ ತಾಸಿನ ಆಚೀಚೆ. ಅಂದ್ರ ನೂರು ಅಮೀಬಾ ಇದ್ರ ಯಾವುದ ಕ್ಷಣಕ್ಕ ನೋಡಿದ್ರೂ ಒಂದೋ ಎರಡೋ ಅಷ್ಟ ಒಡಿಯೂದರೊಳಗ ಇರ್ತಾವ. ನಿಮ್ಮ ಹನಿಯೊಳಗ ಇದ್ದದ್ದು ಎರಡು. ಒಡಿಯೂಮುಂದ ಅದು ಹರಿಯೂದು ಬಿಟ್ಟು ಗುಂಡಗಾಗಿ, ಮೈ ತುಂಬ ಗಿಡ್ಡ ಗಿಡ್ಡ ಮಿಥ್ಯಾಪಾದ ಎಬ್ಬಿಸಿ ನಿಂತಿರ್ತದ. ಅಂಥಾದ್ದು ಕಂಡ್ರ ಡ್ರಾಪರಿನಿಂದ ಹೀರಿ ಕ್ಯಾವಿಟಿ ಸ್ಲೈಡಿಗೆ ಹಾಕಿ ಇಡ್ರಿ, ಹುಡುಗ್ರು ಪಾಳಿ ಹಚ್ಚಿ ನೋಡಲಿ.

ಹಾಕಿ ಒಡಸಾಕ ಬರ್ತದೇನು ಅಂದ್ರ, ಊಟ ಹಾಕ್ರಿ. ಇದು ಚ್ಯಾಷ್ಟಿ ಅಲ್ಲ. 1956ರಾಗ ಡೇವಿಡ್ ಪ್ರೆಸ್ಕಾಟ್ ಅಮೀಬಾ ಬೆಳದು ಒಡಿಯೂ ಹೊತ್ತಿಗೆ ಅದರ ದ್ರವ್ಯದ ಒಂದು ತುಂಡು ಕತ್ತರಿಸಿ ತಗದ್ರು. ಮತ್ತ ಬೆಳೀತು, ಮತ್ತ ಕತ್ತರಿಸಿದ್ರು. ತಿಂಗಳುಗಟ್ಟಲೆ ಆ ಅಮೀಬಾ ಎರಡಾಗಲ ಇಲ್ಲ. ಬಾಜೂಕ ಮುಟ್ಟದ ಬಿಟ್ಟಂಥಾವು ಮೇಲಿಂದ ಮೇಲೆ ಒಡಕೋತ ಹೋದವು. ಮೈ ಒಂದು ಅಳತಿ ಮುಟ್ಟಿದ ಮ್ಯಾಲ ಅಷ್ಟ ಒಳಗಿನ ರಾಸಾಯನಿಕ ಗಡಿಯಾರ ಮುಂದ ಹೋಗ್ತದ. ಒಡಸೂದಕ್ಕಿಂತ ತಡಿಯೂದು ಸರಳ. ಒಂದು ಬೂಷ್ಟಿನ ವಿಷ ಅದ, ಸೈಟೊಕಲಾಸಿನ್. ಆಕ್ಟಿನ್ ಎಳಿ ಬೆಳಿಯೂ ತುದಿಗೆ ಅದು ಮುಚ್ಚಳ ಹಾಕ್ತದ. ಹರಿಯೂದೂ ನಿಲ್ತದ, ಕೋಶಕೇಂದ್ರ ಎರಡಾದ್ರೂ ಮೈ ಎರಡಾಗೂದಿಲ್ಲ. ಒಂದ ವಿಷಕ್ಕ ಎರಡೂ ಕೆಲಸ ನಿಂತವು ಅಂದ್ರ, ಆಕಿ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂಗ. ಹೈಸ್ಕೂಲಿಗೆ ಇದು ತರೂ ಸಾಮಾನಲ್ಲ, ಸುಮ್ನ ತಿಳಿಸಿದೆ.


ಉತ್ತರ: ಮೋಲಾರಿಟಿ, ಹಾವೇರಿ

ಸರ್, ತಪ್ಪು ತಿಳಕೋಬ್ಯಾಡ್ರಿ. ಉಪ್ಪಿಗೆ ಇಷ್ಟೆಲ್ಲ ಕ್ಯಾಲ್ಸಿಯಂ ಕತಿ ಯಾಕ ಬೇಕು? ಹೊರಗ ಉಪ್ಪು ಹೆಚ್ಚಾತು, ಒಳಗಿನ ನೀರು ಹೊರಗ ಹೋತು, ಅಮೀಬಾ ಮುದುಡಿತು. ಆಸ್ಮೋಸಿಸ್, ಮುಗೀತು. ಯಾರೂ ಯಾರಿಗೂ ಏನೂ ಹೇಳಿಲ್ಲ. ನಾ ಪಿಯು ಕೆಮಿಸ್ಟ್ರಿ ಹೇಳಾಂವ, ಇದರಾಗ ಬಯಾಲಜಿಯವರು ಬ್ಯಾಡದ್ದು ಕೂಡಸತಾರ ಅನಸತೈತಿ.


ಉತ್ತರ: ಸಪ್ತಾಪುರ ಹಳೇ ಸರ್, ಧಾರವಾಡ

ಆ ಹುಡುಗ ಹಾಕಿದ ಚಿಟಿಕಿಯ ಮಟ್ಟಿಗೆ ನಿಮ್ಮ ಮಾತು ಖರೆ ಅದ. ಒಂದು ಹನಿಗೆ ಚಿಟಿಕಿ ಉಪ್ಪು ಅಂದ್ರ ಸಮುದ್ರಕ್ಕಿಂತ ಉಪ್ಪು. ಅದು ಹರಿಯೂದು ನಿಲ್ಲಿಸಿದ್ದಲ್ಲ, ಸತ್ತದ್ದು.

ಆದ್ರ ಕಮ್ಮಿ ಉಪ್ಪಿನ ಕತಿ ಬ್ಯಾರೆ. ಲೀಟರಿಗೆ ಸುಮಾರು 7 ಗ್ರಾಂ ಉಪ್ಪು ಕರಗಿಸಿ ಅದರೊಳಗ ಅಮೀಬಾ ಬಿಡ್ರಿ. ಹರಿಯೂದು ನಿಲ್ತದ, ಗಿಡ್ಡ ಮಿಥ್ಯಾಪಾದ ಏಳ್ತಾವ, ಅವುಗಳ ತುದಿಯಿಂದ ಒಳಗ ಕೂದಲದಷ್ಟು ಸಣ್ಣ ಕಾಲುವೆ ಇಳೀತಾವ. ಅಮೀಬಾ ಹೊರಗಿನ ದ್ರಾವಣ ಕುಡಿಯಾಕ ಹತ್ತಿರ್ತದ. 1934ರಾಗ ಮಾಸ್ಟ್ ಮತ್ತ ಡಾಯಲ್ ಇದನ್ನ ಕಂಡ್ರು. ಆಮ್ಯಾಲ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಾಗ ಸಿಸಿಲಿ ಚ್ಯಾಪ್‌ಮನ್-ಆಂಡ್ರೆಸನ್ ವರ್ಷಗಟ್ಟಲೆ ಇದರ ಬೆನ್ನ ಹತ್ತಿದ್ರು. ಅರ್ಧ ತಾಸಿನ ಹೊತ್ತು ಕುಡೀತದ, ಆಮ್ಯಾಲ ತಾನ ನಿಲ್ಲಸ್ತದ.

ಇನ್ನ ನಿಮ್ಮ ಆಸ್ಮೋಸಿಸ್ ಪರೀಕ್ಷೆ ಮಾಡೂಣು. ಆ ಉಪ್ಪು ನೀರಿನಷ್ಟ ಆಸ್ಮೋಸಿಸ್ ಎಳೆತ ಇರೂ ಸಕ್ಕರಿ ನೀರು ಮಾಡ್ರಿ, ಲೀಟರಿಗೆ ಸುಮಾರು 85 ಗ್ರಾಂ ಬರ್ತದ, ಲೆಕ್ಕಾ ನೀವ ನನಗಿಂತ ಚೊಲೋ ಹಾಕ್ತೀರಿ. ಸಕ್ಕರಿಯೊಳಗ ನೀರು ಕಳಕೊಂಡು ಮೈ ಸಣ್ಣಾಗ್ತದ, ಕುಡಿಯೂ ಕಾಲುವೆ ಏಳೂದಿಲ್ಲ. ಆಸ್ಮೋಸಿಸ್ ಒಂದ ಕಾರಣ ಆಗಿದ್ರ ಎರಡರೊಳಗೂ ಒಂದ ಆಗಬೇಕಿತ್ತಲ್ರಿ? ಅಮೀಬಾದ ಮೈಮ್ಯಾಲ ಲೋಳಿ ಪದರು ಅದ, ಅದಕ್ಕ ಕ್ಯಾಲ್ಸಿಯಂ ಅಂಟಿಕೊಂಡಿರ್ತದ. ಸೋಡಿಯಂ ಬಂದು ಅದನ್ನ ಜರುಗಿಸ್ತದ, ಪೊರೆ ಸೋರೂದು ಹೆಚ್ಚಾಗ್ತದ, ಒಳಗಿನ ಆಕ್ಟಿನ್ನಿಗೆ ಸುದ್ದಿ ಮುಟ್ತದ. ಸೋಡಿಯಂ ಕ್ಯಾಲ್ಸಿಯಮ್ಮಿಗೆ ಜಾಗ ಬಿಡಸೂದು ಕೆಮಿಸ್ಟ್ರಿನ ಅಲ್ಲೇನ್ರಿ, ಬಯಾಲಜಿಯವರು ಎಲ್ಲೆ ಕೂಡಿಸಿದ್ರು?


ಉತ್ತರ: ಮೋಲಾರಿಟಿ, ಹಾವೇರಿ

ಸಕ್ಕರಿ ಮಾತು ಒಪ್ಪಿದೆ ಸರ್. ನಮ್ಮ ಲ್ಯಾಬಿನ್ಯಾಗ ತೂಕದ ಯಂತ್ರ ಐತಿ, ಮಾಡಿ ನೋಡತೀನಿ.


ಪ್ರಶ್ನೆ ಕೇಳಿದವರು: ಕೆರಿದಂಡಿ ಮಾಸ್ತರ, ಧಾರವಾಡ

ಭಾಳ ಉಪಕಾರ ಆತ್ರಿ ಸರ್. ಉಪ್ಪು, ಸಕ್ಕರಿ ಎರಡೂ ಸಾಲ್ಯಾಗ ಸಿಗತಾವು, ಬಿಸಿಯೂಟದ ಮನಿಯಿಂದ ಇಸ್ಕೊಂಡ್ರಾತು. ಆದ್ರ ಆಕಿ ಸುಮ್ನ ಬಿಡಾಕಿ ಅಲ್ರಿ. ನಿಂತದ್ದು ತಿಳೀತು. ಹೊಂಟಾಗ ಯಾವ ದಿಕ್ಕಿಗೆ ಹೋಗಬೇಕು ಅಂತ ಹೆಂಗ ಗೊತ್ತಾಗತೈತಿ ಅಂತ ಕೇಳ್ತಾಳ. ಮತ್ತ ಸರ್ "ಅರ್ಧ ಉತ್ತರ" ಅಂದು ಅಲ್ಲೇ ಬಿಟ್ಟಾರ. ಉಳದ ಅರ್ಧ?


ಉತ್ತರ: ಗದಗಿನ ಹುಡುಗಿ, ಸದ್ಯ ಬೆಂಗಳೂರು

ನಾನು ಗದಗಿನವಳು, ಬೆಂಗಳೂರಿನಲ್ಲಿ ಕೋಶಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಉಳಿದ ಅರ್ಧವನ್ನು ನಾನು ಹೇಳಲು ಪ್ರಯತ್ನಿಸುತ್ತೇನೆ. ಆದರೆ ಮೊದಲೇ ಒಂದು ಮಾತು ಸರ್. ನಾನು ಹೇಳುವುದು ಡಿಕ್ಟಿಯೊಸ್ಟೀಲಿಯಂ ಎಂಬ ಮಣ್ಣಿನ ಅಮೀಬಾದ ಕಥೆ, ಕೆಲಗೇರಿ ಕೆರೆಯದ್ದಲ್ಲ. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು ಉದ್ದ, ಅಷ್ಟೇ. ಜೀನ್ ಕೆಡಿಸಿ ನೋಡಲು ಸುಲಭವಾದ್ದರಿಂದ ದಿಕ್ಕಿನ ವಿಷಯ ಅತಿ ಹೆಚ್ಚು ಗೊತ್ತಾಗಿರುವುದು ಇದರಲ್ಲಿ. ಇದರಲ್ಲಿ ಕಂಡದ್ದೆಲ್ಲ ಪ್ರೋಟಿಯಸ್‌ಗೂ ಹಾಗೆಯೇ ಅನ್ವಯಿಸುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ.

ಇದರ ಊಟ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಫೋಲಿಕ್ ಆಮ್ಲ ಸೋರಿಸುತ್ತವೆ. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುತ್ತದಲ್ಲ, ಅದೇ ಫೋಲಿಕ್ ಆಮ್ಲ. ಅಮೀಬಾ ಅದರ ಜಾಡು ಹಿಡಿದು ಊಟದ ಕಡೆ ಹೋಗುತ್ತದೆ. ಊಟ ಮುಗಿದಾಗ ಆಟ ಬದಲಾಗುತ್ತದೆ. ಹಸಿದ ಅಮೀಬಾಗಳು ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕವನ್ನು ಹೊರಬಿಟ್ಟು ಒಂದನ್ನೊಂದು ಕರೆಯುತ್ತವೆ. ಸುಮಾರು ಆರು ನಿಮಿಷಕ್ಕೊಮ್ಮೆ ಒಂದು ಅಲೆ. ಅಲೆ ಮುಟ್ಟಿದ್ದು ತಾನೂ ಬಿಡುಗಡೆ ಮಾಡಿ ಮುಂದಿನವರಿಗೆ ದಾಟಿಸುತ್ತದೆ, ಮತ್ತು ಅಲೆ ಬಂದ ದಿಕ್ಕಿಗೆ ಹೆಜ್ಜೆ ಹಾಕುತ್ತದೆ. ಹೀಗೆ ಲಕ್ಷದವರೆಗೂ ಅಮೀಬಾಗಳು ಕೂಡಿ ಒಂದೇ ಜೀವಿಯಂತೆ ತೆವಳಿ, ಕೊನೆಗೆ ಕಾಂಡವೆದ್ದು ಬೀಜಾಣು ಮಾಡುತ್ತವೆ. ಕಾಂಡವಾದವು ಸಾಯುತ್ತವೆ, ಸುಮಾರು ಐದರಲ್ಲಿ ಒಂದು ಪಾಲು.

ಕರೆಯುವ ರಾಸಾಯನಿಕ ಇದೆ ಎಂದು ತೋರಿಸಿದ ಪ್ರಯೋಗ ನನಗೆ ಬಹಳ ಇಷ್ಟ. 1947ರಲ್ಲಿ ಜಾನ್ ಟೈಲರ್ ಬಾನರ್ ಅಮೀಬಾಗಳು ಗುಂಪುಗೂಡುವ ಕೇಂದ್ರದ ಮೇಲೆ ನೀರು ಮೆಲ್ಲಗೆ ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿದರು. ಹರಿವಿನ ಕೆಳಗಡೆ ಇದ್ದವು ಕೇಂದ್ರದತ್ತ ತಿರುಗಿದವು, ಮೇಲ್ಗಡೆ ಇದ್ದವಕ್ಕೆ ಸುಳಿವೇ ಇಲ್ಲ. ಏನೋ ಒಂದು ನೀರಿನಲ್ಲಿ ಕರಗಿ ಹರಿದುಹೋಗುತ್ತಿದೆ ಎಂಬುದಕ್ಕೆ ಇನ್ನೇನು ಬೇಕು? ಅದು ಸೈಕ್ಲಿಕ್ ಎಎಂಪಿ ಎಂದು ತಿಳಿಯಲು 1967 ಆಗಬೇಕಾಯಿತು. ನಮ್ಮ ಯಕೃತ್ತಿನಲ್ಲಿ ಅಡ್ರಿನಲಿನ್ ಸುದ್ದಿಯನ್ನು ಒಳಗೆ ಸಾಗಿಸುವುದೂ ಇದೇ ಅಣು. ಅದನ್ನು ಕಂಡುಹಿಡಿದ ಅರ್ಲ್ ಸದರ್ಲ್ಯಾಂಡ್‌ಗೆ 1971ರಲ್ಲಿ ನೊಬೆಲ್ ಬಂತು.

ದಿಕ್ಕು ತಿಳಿಯುವುದು ಹೇಗೆ? ಅಮೀಬಾದ ಮೈಸುತ್ತ ಸೈಕ್ಲಿಕ್ ಎಎಂಪಿಯನ್ನು ಹಿಡಿಯುವ ಗ್ರಾಹಕಗಳು ಸಮನಾಗಿ ಹರಡಿರುತ್ತವೆ. ಮುಂದಿನ ತುದಿಗೂ ಹಿಂದಿನ ತುದಿಗೂ ಹೊರಗಿನ ಸಾಂದ್ರತೆಯಲ್ಲಿ ನೂರಕ್ಕೆ ಒಂದೆರಡರಷ್ಟು ವ್ಯತ್ಯಾಸವಿದ್ದರೆ ಸಾಕು, ಗುರುತಿಸುತ್ತದೆ. ಈ ಚೂರು ವ್ಯತ್ಯಾಸವನ್ನು ಒಳಗೆ ದೊಡ್ಡದು ಮಾಡುವ ಎರಡು ಕಿಣ್ವಗಳಿವೆ. ಹೆಚ್ಚು ಸುದ್ದಿ ಬಂದ ಕಡೆ ಪಿಐ3ಕೆ ಎಂಬುದು ಪೊರೆಗೆ ಬಂದು ಕೂತು, ಅಲ್ಲಿನ ಕೊಬ್ಬಿನ ಅಣುವಿಗೆ ಒಂದು ಫಾಸ್ಫೇಟ್ ಸೇರಿಸುತ್ತದೆ. ಪಿಟೆನ್ ಎಂಬುದು ಬದಿಗೂ ಹಿಂದಕ್ಕೂ ಸರಿದು, ಆ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಫಾಸ್ಫೇಟ್ ಗುರುತು ಬಿದ್ದ ಕಡೆ ಆಕ್ಟಿನ್ ಬೆಳೆಯುತ್ತದೆ, ಅದು ಮುಂಭಾಗ. ಇಲ್ಲದ ಕಡೆ ಮಯೋಸಿನ್ ಹಿಂಡುತ್ತದೆ, ಅದು ಹಿಂಭಾಗ. ಅಮೀಬಾಕ್ಕೆ ಹುಟ್ಟಿನಿಂದ ಬಂದ ತಲೆ ಇಲ್ಲ ಎಂದ ಹುಡುಗಿಯ ಮಾತು ಸರಿ. ತಲೆ ಬೇಕಾದ ಕಡೆ, ಬೇಕಾದಾಗ ಮಾಡಿಕೊಳ್ಳುತ್ತದೆ.

ಈಗ ಅವಳ ಎರಡನೇ ಪ್ರಶ್ನೆ. ಒಡೆಯುವಾಗಲೂ ಇವೇ ಕಿಣ್ವಗಳು ಕೆಲಸಕ್ಕೆ ಬರುತ್ತವೆ! 2005ರಲ್ಲಿ ಜನೆಟೋಪೌಲೋಸ್, ಡೆವ್ರಿಯೋಟಿಸ್ ಮತ್ತು ಜೊತೆಗಾರರು ಹೊಳೆಯುವ ಗುರುತು ಹಚ್ಚಿ ನೋಡಿದರು. ಒಡೆಯುತ್ತಿರುವ ಅಮೀಬಾದ ಎರಡೂ ತುದಿಗಳಲ್ಲಿ ಪಿಐ3ಕೆ, ನಡುವೆ ಸೊಂಟ ಹಿಂಡುವಲ್ಲಿ ಪಿಟೆನ್. ಅಂದರೆ ಎರಡು ಮುಂಭಾಗಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತು, ನಡುವೆ ಒಂದು ಹಿಂಭಾಗವನ್ನು ಹಂಚಿಕೊಂಡಿವೆ. ಕೋಶಕೇಂದ್ರ ಎರಡಾಗುವ ಹೊತ್ತನ್ನು ನಿರ್ಧರಿಸುವವರು ಬೇರೆ, ಸೈಕ್ಲಿನ್ ಎಂಬ ಪ್ರೋಟೀನು ಮತ್ತು ಅದರ ಜೊತೆಯ ಕಿಣ್ವ. ಇವು ಯೀಸ್ಟಿನಿಂದ ಮನುಷ್ಯನವರೆಗೂ ಇವೆ, 2001ರ ನೊಬೆಲ್ ಇವುಗಳನ್ನು ಕಂಡವರಿಗೇ ಬಂತು. ಆದರೆ ಹೊತ್ತು ಬಂದ ಮೇಲೆ ಮೈಯನ್ನು ಎರಡು ಮಾಡುವವರು ಹರಿಯುವ ಕೆಲಸದವರೇ. ಹಾಗಾಗಿ ಅವಳಿಗೆ ಹೀಗೆ ಹೇಳಬಹುದು: ಯಾವಾಗ ಎನ್ನುವವರು ಬೇರೆ, ಹೇಗೆ ಎನ್ನುವವರು ಅವರೇ.

ಇದಕ್ಕಿಂತ ಗಟ್ಟಿ ಸಾಕ್ಷಿ 1987ರದ್ದು. ಡಿ ಲೊಜಾನ್ ಮತ್ತು ಸ್ಪುಡಿಚ್ ಒಂದು ಕಡೆ, ನೆಕ್ಟ್ ಮತ್ತು ಲೂಮಿಸ್ ಇನ್ನೊಂದು ಕಡೆ, ಈ ಅಮೀಬಾದ ಮಯೋಸಿನ್ 2 ಅನ್ನು ಕೆಡಿಸಿದರು. ಸೊಂಟ ಹಿಂಡುವ ಉಂಗುರದ ಮುಖ್ಯ ಪ್ರೋಟೀನೇ ಹೋಯಿತು. ಅಲುಗಾಡಿಸುವ ಬಾಟಲಿಯ ದ್ರವದಲ್ಲಿ ತೇಲಿಬಿಟ್ಟಾಗ ಅವು ಒಡೆಯಲಾರದೆ, ಕೋಶಕೇಂದ್ರಗಳನ್ನು ಮಾತ್ರ ಹೆಚ್ಚಿಸಿಕೊಳ್ಳುತ್ತ ಉಬ್ಬಿ ಉಬ್ಬಿ ಕಡೆಗೆ ಸತ್ತವು. ಅದೇ ಅಮೀಬಾಗಳನ್ನು ಗಾಜಿನ ಮೇಲೆ ಬಿಟ್ಟರೆ? ಎರಡು ತುದಿಗಳು ಎರಡು ದಿಕ್ಕಿಗೆ ತೆವಳಿಕೊಂಡು ಹೋಗಿ, ನಡುವಿನ ಭಾಗ ಎಳೆದು ಎಳೆದು ಹರಿದು ಎರಡಾದವು. ಉಂಗುರವಿಲ್ಲದಿದ್ದರೂ ಬರೀ ನಡೆದುಕೊಂಡೇ ಒಡೆದವು. ನಾನು ಲ್ಯಾಬಿಗೆ ಸೇರಿದ ಹೊಸದರಲ್ಲಿ ಇದರ ವಿಡಿಯೊ ನೋಡಿ ಮಧ್ಯಾಹ್ನದ ಊಟಕ್ಕೆ ಹೋಗುವುದನ್ನೇ ಬಿಟ್ಟಿದ್ದೆ.

ಅಂದಹಾಗೆ ಈ ಜೀವಿಯನ್ನು ಹುಡುಕಲು ಹೊರದೇಶಕ್ಕೇನೂ ಹೋಗಬೇಕಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದ ವಿದ್ಯಾನಂದ ನಂಜುಂಡಯ್ಯ ಅವರ ತಂಡ ಮುದುಮಲೈ ಕಾಡಿನ ಮಣ್ಣು ಮತ್ತು ಪ್ರಾಣಿಗಳ ಲದ್ದಿಯಿಂದ ಇದರ ಬಳಗದವನ್ನು ಬೇರ್ಪಡಿಸಿ ಅಧ್ಯಯನ ಮಾಡಿದೆ.


ಉತ್ತರ: ಸಪ್ತಾಪುರ ಹಳೇ ಸರ್, ಧಾರವಾಡ

ತಂಗಿ, ಚೊಲೋ ಬರದೀ. ಪ್ರೋಟಿಯಸ್ಸಿಗೆ ಹಂಗ ಅನ್ವಯಿಸಬ್ಯಾಡ್ರಿ ಅಂದದ್ದು ಅದಕ್ಕಿಂತ ಚೊಲೋ. ನಮ್ಮ ಕಾಲದಾಗ ಒಂದು ಅಮೀಬಾ ನೋಡಿ ಜಗತ್ತಿನ ಅಮೀಬಾಕ್ಕೆಲ್ಲ ಕಾನೂನು ಬರೀತಿದ್ರು.

ಒಂದಿಷ್ಟು ಕೂಡಸ್ತೀನಿ. "ಯಾವಾಗ ಎನ್ನುವವರು ಬೇರೆ" ಅಂದೆಲ್ಲ, ಅವರು ದ್ರವ್ಯದೊಳಗ ಕರಗಿಕೊಂಡ ಇರ್ತಾರ ಅನ್ನೂದಕ್ಕ ಕೇಯಾಸ್ ಅಮೀಬಾ ನೋಡಬೇಕು. ಅದರೊಳಗ ನೂರಾರು ಕೋಶಕೇಂದ್ರ ಅದಾವ. ಒಂದು ಒಡಿಯಾಕ ಶುರು ಮಾಡ್ತು ಅಂದ್ರ ಹೆಚ್ಚುಕಮ್ಮಿ ಎಲ್ಲಾನೂ ಒಂದ ಹೊತ್ತಿಗೆ ಒಡೀತಾವ. ಸುದ್ದಿ ಕೋಶಕೇಂದ್ರದೊಳಗ ಅಷ್ಟ ಇದ್ದಿದ್ರ ಒಂದೊಂದೂ ತನ್ನ ಮನಸ್ಸಿಗೆ ಬಂದಾಗ ಒಡೀತಿತ್ತು.

ಮಾಸ್ತರ್ರ, ಈ ಪಿಐ3ಕೆ ಹೆಸರೆಲ್ಲ ಹತ್ತನೇ ಕ್ಲಾಸಿಗೆ ಬ್ಯಾಡ. ಬಾನರ್ ಅವರ ಹರಿಯೂ ನೀರಿನ ಪ್ರಯೋಗ ಫಳಿಮ್ಯಾಲ ಬರದು, ಕೆಳಗಿನವಷ್ಟ ಯಾಕ ತಿರುಗಿದವು ಅಂತ ಅವರನ್ನ ಕೇಳ್ರಿ. ಬಾಟ್ಲಿ ವಿಷಯಕ್ಕ: ಗೋದಿಕಾಳ ಹೆಚ್ಚಾದ್ರ ನೀರು ನಾರ್ತದ, ಅಮೀಬಾ ಸಾಯ್ತಾವ. ಎರಡು ಮೂರು ಕಾಳ ಸಾಕು, ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಬಿಸಿಲಿಗೆ ಇಡಬ್ಯಾಡ್ರಿ. ನಳದ ನೀರು ಕೂಡಸಬ್ಯಾಡ್ರಿ, ಕ್ಲೋರಿನ್ ಇರ್ತದ. ಕೆರಿ ನೀರನ್ನ ಕುದಿಸಿ ಆರಿಸಿ ಸೋಸಿ ಹಾಕ್ರಿ.


ಉತ್ತರ: ಗದಗಿನ ಹುಡುಗಿ, ಸದ್ಯ ಬೆಂಗಳೂರು

ಸರ್, ಇನ್ನೊಂದು ಬಿಟ್ಟುಹೋಗಿತ್ತು. ಹುಬ್ಬಳ್ಳಿಯ ಅಣ್ಣಾವರಿಗೆ ಹಿಡಿಸಬಹುದು. ಎಂಟಮೀಬಾ ಇನ್ವೇಡೆನ್ಸ್ ಎಂಬುದು ಹಾವು, ಹಲ್ಲಿ, ಆಮೆಗಳ ಕರುಳಿನ ಅಮೀಬಾ, ನಿಮ್ಮ ಹಿಸ್ಟೊಲಿಟಿಕಾದ ಬಳಗ. ಒಡೆಯುವಾಗ ಕೆಲವು ಸಲ ಎರಡು ಮರಿಗಳ ನಡುವೆ ಒಂದು ಎಳೆ ಹರಿಯದೆ ಉಳಿದು, ಎಷ್ಟು ಜಗ್ಗಿದರೂ ಬಿಡುವುದಿಲ್ಲ. ಆಗ ಮೂರನೆಯದೊಂದು ಅಮೀಬಾ ದೂರದಿಂದ ನೆಟ್ಟಗೆ ಬಂದು, ಆ ಎಳೆಯ ನಡುವೆ ನುಗ್ಗಿ ಹರಿದು, ತನ್ನ ದಾರಿ ಹಿಡಿಯುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಬರೆದು, ಬಂದ ಅಮೀಬಾವನ್ನು ಸೂಲಗಿತ್ತಿ ಎಂದೇ ಕರೆದರು. ಒಡೆಯುತ್ತಿರುವ ಅಮೀಬಾದ ಸುತ್ತಲಿನ ದ್ರವವನ್ನು ಸಣ್ಣ ನಳಿಕೆಯಲ್ಲಿ ಹೀರಿ ಬೇರೆ ಕಡೆ ಬಿಟ್ಟರೂ ಇತರ ಅಮೀಬಾಗಳು ಅದರ ಹಿಂದೆ ಬಂದವು. ಅಲ್ಲಿಗೆ, ಒಡೆಯುವಾಗ ಹೊರಬಿದ್ದ ರಾಸಾಯನಿಕವೇ ಇನ್ನೊಂದರ ನಡೆಗೆ ದಿಕ್ಕು ತೋರಿಸಿದಂತಾಯಿತು.


ಉತ್ತರ: ಸ್ಲೈಡ್ ಮಂದಿ, ಹುಬ್ಬಳ್ಳಿ

ಏನವ್ವಾ ಇದು! ಇಷ್ಟು ವರ್ಷ ಸ್ಲೈಡ್ ನೋಡೇನಿ, ಸೂಲಗಿತ್ತಿ ಹೋಗ್ಲಿ, ಬಾಣಂತಿನೂ ಕಂಡಿಲ್ಲ. ಕಾಣೂದರೆ ಹೆಂಗ? ಚಲಿಸೂ ಅಮೀಬಾ ನೋಡಬೇಕಂದ್ರ ಸ್ಯಾಂಪಲ್ ಅರ್ಧ ತಾಸಿನ್ಯಾಗ ಸ್ಲೈಡಿಗೆ ಬರಬೇಕು. ಮಂದಿ ಮುಂಜಾನೆದ್ದನ್ನ ಡಬ್ಬಿಗೆ ತುಂಬಿ, ನವಲಗುಂದದಿಂದ ಬಸ್ಸಿನ್ಯಾಗ ಕುಂತು, ಸಂತಿ ಮುಗಿಸಿ ಮಧ್ಯಾಹ್ನಕ್ಕ ತಂದು ಕೊಡತಾರ. ಅಷ್ಟೊತ್ತಿಗೆ ಅಮೀಬಾ ತಣ್ಣಗಾಗಿ ಗುಂಡಗಾಗಿ ಸತ್ತಿರತಾವು, ಸಿಸ್ಟ್, ಅಂದ್ರ ಗಟ್ಟಿ ಹೊದಿಕಿಯೊಳಗ ಮುದುಡಿಕೊಂಡ ಅಮೀಬಾ, ಇದ್ರ ಅವಷ್ಟ ಸಿಗತಾವು. ಈ ಸಲ ಯಾರರ ಲ್ಯಾಬಿನ್ಯಾಗ ಬಿಸಿ ಬಿಸಿ ಕೊಟ್ರ, ರಿಪೋರ್ಟ್ ಬರದ ಮ್ಯಾಲ ಆ ಸ್ಲೈಡ್ ಒಗೀದ ಹತ್ತು ನಿಮಿಷ ಹೆಚ್ಚಿಗಿ ನೋಡತೀನಿ.